ಕುಣಿಯದ ಮೀನು

ಗಡಿಯೂರು ಮತ್ತಿಗಿರಿಯಲ್ಲಿ ಕೆರೆಯ ಕಡೆಗೆ ಇಳಿಯುವ ರಸ್ತೆಗೆ ಒಂದು ಹುಣಸೆಮರ, ಮರದ ಕೆಳಗೊಂದು ನೀಲಿ ಟಬ್ಬು, ಟಬ್ಬಿನ ಹಿಂದೆ ಮಂಗಮ್ಮ. ಸುತ್ತಲ ಹೊಲಗಳು ಸೈಟುಗಳಾದವು, ಸೈಟುಗಳು ಮನೆಗಳಾದವು, ಮನೆಗಳ ಮುಂದೆ ಕಂಪನಿ ವ್ಯಾನುಗಳು ಬಂದು ನಿಂತವು. ಈ ಮೂರು ಮಾತ್ರ ಇದ್ದಲ್ಲೇ ಇದ್ದವು. ಟಬ್ಬಿನಲ್ಲಿ ಗೇಣುದ್ದ ನೀರು. ಆ ನೀರಿನಲ್ಲಿ ಕಾಟ್ಲಾ, ರೋಹು, ಜಿಲೇಬಿ ಮೀನುಗಳು ಒಂದರ ಮೇಲೊಂದು ಬಿದ್ದು ಬಾಲ ಬಡಿಯುತ್ತಿದ್ದವು. ಆ ಪಟಪಟ ಸದ್ದೇ ಅಂಗಡಿಯ ಬೋರ್ಡು. ಸದ್ದು ಕೇಳಿ ಬಂದವರಿಗೆಲ್ಲ ಮಂಗಮ್ಮ ಹೇಳುತ್ತಿದ್ದುದು ಒಂದೇ ಮಾತು.

"ಕಿವಿ ಎತ್ತಿ ನೋಡು. ಕೆಂಪಗಿದ್ರೆ ತಗೋ. ಇಲ್ದಿದ್ರೆ ನನ್ನ ಮಕದ ಮೇಲೆ ಎಸೆದು ಹೋಗು."

ಮೀನು ಉಸಿರಾಡುವ ಕಿವಿರಿಗೆ ಇಲ್ಲಿಯವರು ಕಿವಿ ಎಂದೇ ಹೇಳುವುದು. ಈ ಮಾತು ಬೀದಿಗೆ ಬಾಯಿಪಾಠವಾಗಿತ್ತು. ಕನ್ನಡ ಬಾರದ ತಮಿಳರ ಮನೆಯಲ್ಲೂ, ತೆಲುಗರ ಮನೆಯಲ್ಲೂ ಹೆಂಗಸರು ಹೆಬ್ಬೆರಳಿನಿಂದ ಮೀನಿನ ಕಿವಿ ಎತ್ತಿ ನೋಡದೆ ಚೀಲಕ್ಕೆ ಹಾಕಿಸಿಕೊಳ್ಳುತ್ತಿರಲಿಲ್ಲ. ಒದ್ದಾಡುವ ಮೀನಿಗೆ ಅವರೆಲ್ಲ ಸೇರಿ 'ಉಯಿರು ಮೀನು' ಎಂದು ಹೆಸರಿಟ್ಟಿದ್ದರು, ಜೀವದ ಮೀನು. ಲಾರಿಯಲ್ಲಿ ಕಡಲ ಕಡೆಯಿಂದ ಬಂದು ಎದುರು ಗಾಡಿಯಲ್ಲಿ ಸುಬ್ರಮಣಿ ಮಾರುತ್ತಿದ್ದದ್ದು 'ಐಸ್ ಮೀನು'. ಐಸ್ ಮೀನು ಅಂದರೆ ಬೈಗುಳ. ಮುಖ ಬಾಡಿದವರನ್ನು, ಮೂರು ಸಲ ಕರೆದರೂ ಏಳದ ಗಂಡಂದಿರನ್ನು ಬೀದಿಯಲ್ಲಿ ಐಸ್ ಮೀನು ಅಂತಲೇ ಕರೆಯುವುದು.

ಮಂಗಮ್ಮನ ಮಂಡಿ ಕೈಕೊಟ್ಟಿತು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಹಾಗಾಗಿ ಮರದ ಕೆಳಗಿನ ಜಾಗ ಸೊಸೆ ಮುನಿಲಕ್ಷ್ಮಿಯ ಪಾಲಿಗೆ ಬಂತು. ಮುನಿಲಕ್ಷ್ಮಿ ಅಲ್ಲಿಯವರೆಗೆ ಕಂಪನಿಯ ಪ್ಯಾಕಿಂಗ್ ಲೈನಿನಲ್ಲಿ ನಿಂತಿದ್ದವಳು. ಕಿಟಕಿಯಿಲ್ಲದ ಶೆಡ್ಡಿನಲ್ಲಿ ಡಬ್ಬ ಮಡಚುತ್ತ ಮಡಚುತ್ತ ಮನಸ್ಸು ಎಲ್ಲೋ ಹೊಳೆಯ ದಂಡೆಗೆ ಹೋಗಿಬಿಡುತ್ತಿತ್ತು, ಸೂಪರ್‌ವೈಸರ್ ಬಂದು ಬೆಂಚು ಕುಟ್ಟಬೇಕಾಗುತ್ತಿತ್ತು. ಜಾಗ ಸಿಕ್ಕಿದ ದಿನವೇ ಅವಳು ಅತ್ತೆಯ ಮುಂದೆ ನಿಂತು, "ಅತ್ತೆ, ನಾನು ಟಬ್ಬು ಇಡಲ್ಲ," ಎಂದಳು.

"ಇನ್ನೇನು ಮೀನನ್ನ ಮಡಿಲಲ್ಲಿ ಇಟ್ಕೊಂತೀಯಾ?"

"ಹಿಡಿದ ತಕ್ಷಣ ಹೊಡೆದು, ಕಿವಿ ಕುಯ್ದು, ನೆತ್ರು ಬಿಟ್ಟು, ಐಸಲ್ಲಿಟ್ಟು ತರ್ತೀನಿ."

ಮಂಗಮ್ಮ ಸೊಸೆಯ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿದಳು. "ಐಸಲ್ಲಿ," ಎಂದಳು. ಎಣ್ಣೆ ಬಟ್ಟಲು ಹತ್ತಿರ ಎಳೆದುಕೊಂಡು, "ಕಿವಿ ಕುಯ್ದು," ಎಂದಳು. ಆಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ತೀರ್ಪು ಕೊಟ್ಟಳು. "ಈ ಭಾನುವಾರ, ಮುಂದಿನ ಭಾನುವಾರ. ನಿನ್ನಾಟ ಆಡ್ಕೋ. ಮೀನು ಹೋಗ್ಲಿಲ್ಲ ಅಂದ್ರೆ ಜಾಗ ಸುಬ್ರಮಣಿಗೆ ಬಿಟ್ಬುಡ್ತೀನಿ, ಅವನು ಕೇಳ್ತಾನೇ ಅವ್ನೆ. ನೀನು ವ್ಯಾನು ಹತ್ತು."

ಮುನಿಲಕ್ಷ್ಮಿ ಹೂಂ ಎಂದಳು. ಕಿಟಕಿಯಿಲ್ಲದ ಆ ಶೆಡ್ಡು ಕಣ್ಣ ಮುಂದೆ ಬಂದು ಹೋಯಿತು. ಆದರೂ ಹೂಂ ಎಂದಳು.

ಈ ಹಟದ ಬೇರು ನಾಟ್ರಾಂಪಾಳ್ಯದಲ್ಲಿತ್ತು. ಅಂಚೆಟ್ಟಿ ದಾಟಿ, ಕಾಡು ದಾಟಿ, ಕಾವೇರಿಗೆ ಇಳಿಯುವ ದಾರಿಯ ಆ ಊರಲ್ಲಿ ಅಜ್ಜಿ ಗೋವಿಂದಮ್ಮನ ಮಡಿಲಲ್ಲಿ ಅವಳು ಬೆಳೆದದ್ದು. ರಾಗಿ ಬೀಸುವಾಗ ಒಂದು ಕತೆ, ಆನೆ ಕಾಯಲು ಹೊಲದ ಅಟ್ಟಣೆಯಲ್ಲಿ ಕೂತಾಗ ಒಂದು ಕತೆ, ಮೀನು ಸಾರು ಕುದಿಯುವಾಗ ಮಾತ್ರ ಯಾವಾಗಲೂ ಒಂದೇ ಕತೆ.

ಹೊಳೆ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಹಸಿದವನೊಬ್ಬ ಮೊದಲ ಮೀನು ಹಿಡಿದನಂತೆ. ಹೆಣ್ಣು ಮೀನು. ಅದು ಹೇಳಿತಂತೆ: ಅಪ್ಪಾ, ನನ್ನನ್ನು ತಿನ್ನು, ಬೇಡ ಅನ್ನಲ್ಲ, ನಿನಗೂ ಹೊಟ್ಟೆ ಐತೆ. ಆದರೆ ನನ್ನನ್ನ ಕುಣಿಸಬೇಡ. ನನ್ನ ರುಚಿಯನ್ನ ನಾನು ಸೆರಗಿನ ತುದಿಗೆ ಗಂಟು ಹಾಕ್ಕೊಂಡಿದ್ದೀನಿ. ಒಂದೊಂದು ಸಲ ಕುಣಿದಾಗಲೂ ಗಂಟು ಸಡಿಲ ಆಗ್ತದೆ. ಸಾಯೋ ಹೊತ್ತಿಗೆ ಸೆರಗು ಬರಿದು. ಆಮೇಲೆ ನಿನ್ನ ಮಡಕೆಗೆ ಬೀಳೋದು ನಾನಲ್ಲ, ನನ್ನ ಸೀರೆ. ಅವನು ಕೇಳಲಿಲ್ಲ. ಊರವರಿಗೆಲ್ಲ ತೋರಿಸಬೇಕು ಅಂತ ಅದನ್ನು ಕಲ್ಲಿನ ಮೇಲೆ ಹಾಕಿದ. ಮೀನು ಕುಣಿಯಿತು, ಊರು ಚಪ್ಪಾಳೆ ತಟ್ಟಿತು. ರಾತ್ರಿ ಸಾರು ಬಾಯಿಗಿಟ್ಟರೆ ನೆನೆದ ಬಟ್ಟೆ ಅಗಿದ ಹಾಗೆ.

ಅಜ್ಜಿ ಇಲ್ಲಿಗೆ ನಿಲ್ಲಿಸಿ ಮಡಕೆಯ ಮುಚ್ಚಳ ತೆಗೆಯುತ್ತಿದ್ದಳು. ಆವಿಯಲ್ಲಿ ಅವಳ ಮುಖ ಮರೆಯಾಗುತ್ತಿತ್ತು. ಕತೆಯ ಉಳಿದರ್ಧವನ್ನು ಮುನಿಲಕ್ಷ್ಮಿ ಹೊಳೆಯಲ್ಲೇ ನೋಡಿದ್ದಳು. ತಾತ ಬಲೆಯಿಂದ ಬಿಡಿಸಿದ ಮೀನಿಗೆ ಕಣ್ಣುಗಳ ನಡುವೆ ಒಂದೇ ಏಟು ಹಾಕಿ, ಕಿವಿಯ ಕೆಳಗೆ ಕತ್ತಿಯ ತುದಿ ಆಡಿಸಿ, ಹರಿಯುವ ನೀರಲ್ಲಿ ಹಿಡಿದುಕೊಳ್ಳುತ್ತಿದ್ದ. ಕೆಂಪು ದಾರವೊಂದು ಬಿಚ್ಚಿಕೊಳ್ಳುತ್ತ ನೀರಲ್ಲಿ ದೂರ ಹೋಗುತ್ತಿತ್ತು. ದಾರ ಮುಗಿದ ಮೇಲೆ ಒದ್ದೆ ಸೊಪ್ಪಿನಲ್ಲಿ ಸುತ್ತಿ ಬಂಡೆಯ ನೆರಳಿಗೆ. ಆ ಮೀನಿನ ರುಚಿ ನಾಲಿಗೆಯ ಮೇಲೆ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಮದುವೆಯಾಗಿ ಮತ್ತಿಗಿರಿಗೆ ಬಂದು ಅತ್ತೆಯ ಟಬ್ಬಿನ ಮೀನು ಮೊದಲ ಸಲ ತಿಂದಾಗ, ಅವಳಿಗೆ ಅನಿಸಿದ್ದು ಅದೇ: ಸೀರೆ.

ಭಾನುವಾರ ಬೆಳಕು ಹರಿಯುವ ಮೊದಲೇ ಗಂಡನ ಜೊತೆ ಅವಳೂ ಕೆರೆಗೆ ಹೋದಳು. ಯುವರಾಜ್ ಒಳ್ಳೆಯವನು, ಮಾತು ಕಡಿಮೆ, ಇಬ್ಬರು ಹೆಂಗಸರ ನಡುವೆ ಸಿಕ್ಕಿಕೊಂಡವನ ನಿಟ್ಟುಸಿರು ಜಾಸ್ತಿ. ಅವನ ರೂಢಿಯೆಂದರೆ ಸಂಜೆ ಬಲೆ ಬಿಟ್ಟು, ಬೆಳಿಗ್ಗೆ ಎತ್ತಿ, ಸಿಕ್ಕಿದ್ದನ್ನೆಲ್ಲ ತೆಪ್ಪದ ತಳಕ್ಕೆ ಸುರಿದುಕೊಂಡು ಬರುವುದು. ಈಗ ಅವಳು ತೆಪ್ಪದಲ್ಲಿ ಎದುರಿಗೇ ಕೂತಿದ್ದಳು.

"ಬಲೇಲಿ ಉಸಿರುಕಟ್ಟಿ ಸತ್ತಿರೋದು ಬೇಡ. ಅದನ್ನ ಬೇರೆ ಹಾಕಿ."

"ಅದೂ ಮೀನೇ ಅಲ್ವಾ?"

"ಅದು ರಾತ್ರಿಯೆಲ್ಲ ಕುಣಿದೈತೆ."

ಯುವರಾಜ್ ನಿಟ್ಟುಸಿರು ಬಿಟ್ಟು ಬೇರೆ ಹಾಕಿದ. ಜೀವವಿದ್ದದ್ದು ಕೈಗೆ ಬಂದ ಹಾಗೆ ಅವಳು ಹುಣಸೆ ಕೊರಡಿನಿಂದ ಒಂದೇಟು ಹಾಕಿದಳು. ಮೊದಲನೆಯದಕ್ಕೆ ಏಟು ಜಾರಿತು, ಮೀನು ಎಗರಿ ಅವಳ ಮಡಿಲಿಗೇ ಬಿತ್ತು. ಎರಡನೆಯದಕ್ಕೆ ಜಾರಲಿಲ್ಲ. ಕಿವಿಯ ಕೆಳಗೆ ಕುಯ್ದು ಬಕೆಟ್ಟಿನ ನೀರಿಗೆ ಬಿಟ್ಟಳು. ಕೆಂಪು ದಾರ ಇಲ್ಲೂ ಬಿಚ್ಚಿಕೊಂಡಿತು; ಹರಿಯುವ ಹೊಳೆಯಿರಲಿಲ್ಲವಾಗಿ ಬಕೆಟ್ಟಿನಲ್ಲೇ ಸುತ್ತಿತು. ನೀರು ಬದಲಿಸಿ ಬದಲಿಸಿ, ದಡಕ್ಕೆ ಬಂದು ಕರುಳು ತೆಗೆದು, ಹೊಟ್ಟೆಯೊಳಗಿನ ಕಪ್ಪು ಪೊರೆ ಉಜ್ಜಿ ತೊಳೆದು, ಥರ್ಮಾಕೋಲ್ ಡಬ್ಬದಲ್ಲಿ ಪುಡಿ ಐಸಿನ ಮೇಲೆ ಸಾಲಾಗಿ ಮಲಗಿಸಿದಳು. ಒಂದರ ಮೇಲೊಂದು ಭಾರ ಬೀಳಬಾರದು. ಕರಗಿದ ನೀರು ನಿಲ್ಲಬಾರದೆಂದು ಡಬ್ಬದ ಮೂಲೆಗೆ ತೂತು. ಮೇಲೆ ಒದ್ದೆ ಗೋಣಿ. ಬಿಸಿಲು ಏರುವ ಮುಂಚೆ ಹುಣಸೆಮರದ ಕೆಳಗೆ ಅವಳು ಸಿದ್ಧವಾಗಿ ಕೂತಿದ್ದಳು. ಟಬ್ಬಿಲ್ಲದ ಜಾಗ ಬಹಳ ಸದ್ದಿಲ್ಲದೆ ಇತ್ತು.

ಮೊದಲು ಬಂದವಳು ಶರ್ಮಿಳಾ, ಪ್ಯಾಕಿಂಗ್ ಲೈನಿನಲ್ಲಿ ಪಕ್ಕದಲ್ಲಿ ನಿಲ್ಲುತ್ತಿದ್ದವಳು. ಗೋಣಿ ಎತ್ತಿ ನೋಡಿದಳು.

"ಐಸಲ್ಲೈತಲ್ಲೇ."

"ತಣ್ಣಗಿರ್ಲಿ ಅಂತ."

"ಹೆಣಾನೂ ತಣ್ಣಗಿರ್ಲಿ ಅಂತಲೇ ಐಸಲ್ಲಿಡೋದು." ಆದರೂ ಗೆಳತಿಯ ಮುಖ ನೋಡಿ ನಾಲ್ಕು ಜಿಲೇಬಿ ಮೀನು ತೆಗೆದುಕೊಂಡಳು, ದುಃಖ ಹಂಚಿಕೊಂಡವಳಂತೆ.

ಆಮೇಲೆ ಹಿಂದಿನ ಬೀದಿಯ ತೆಲುಗು ಅವ್ವ. "ಏಮಮ್ಮಾ, ಇದಿ ಎಪ್ಪುಡು ಸಚ್ಚಿಂದಿ?" ಎಂದಳು, ಯಾವಾಗ ಸತ್ತದ್ದು ಅಂತ. ಬೆಳಿಗ್ಗೆ ಎಂದಾಗ ಸಾವಿನ ಮನೆಗೆ ಬಂದವರ ಹಾಗೆ ತಲೆಯಾಡಿಸಿ, ಕೈಯಲ್ಲಿದ್ದ ಚೀಲವನ್ನು ಮಡಚಿಕೊಂಡು ಹೋದಳು.

ಎದುರು ಗಾಡಿಯಿಂದ ಸುಬ್ರಮಣಿ ಕೂಗಿದ. "ವಾಮ್ಮಾ, ವಾ. ನಮ್ಮ ಸಂಘಕ್ಕೆ ಸೇರ್ಕೊಂಡ್ಬುಟ್ಟೆ. ಐಸ್ ಬೇಕಾದ್ರೆ ಕೇಳು, ನನ್ನತ್ರ ಹಳೇದು ಐತೆ."

"ನಿನ್ನತ್ರ ಎಲ್ಲಾ ಹಳೇದೇ ಅಲ್ವಾ ಅಣ್ಣ," ಎಂದಳು ಮುನಿಲಕ್ಷ್ಮಿ. ಅವನು ನಕ್ಕ; ಆದರೆ ಅವನ ಗಾಡಿಯ ಮುಂದೆ ಇಬ್ಬರು ನಿಂತಿದ್ದರು, ಇವಳ ಮುಂದೆ ಯಾರೂ ಇರಲಿಲ್ಲ.

ಚಿನ್ನಸ್ವಾಮಿ ಮೇಸ್ತ್ರಿ ಬಂದಾಗ ಅವಳ ಎದೆ ಸ್ವಲ್ಪ ನೆಟ್ಟಗಾಯಿತು. ಅರ್ಧ ಮತ್ತಿಗಿರಿಯ ಮನೆಗಳನ್ನು ಕಟ್ಟಿದವನು ಅವನು, ಪ್ರತಿ ಭಾನುವಾರ ಇದ್ದುದರಲ್ಲಿ ದೊಡ್ಡ ಕಾಟ್ಲಾ ಅವನಿಗೇ ಎಂದು ಲೆಕ್ಕ. ಅವನು ತೆಗೆದುಕೊಂಡರೆ ಹಿಂದೆ ಹತ್ತು ಮನೆ ಬರುತ್ತದೆ. ಚಿನ್ನಸ್ವಾಮಿ ಮೀನನ್ನು ಎತ್ತಿ, ಸಿಮೆಂಟು ಕಚ್ಚಿದ ಹೆಬ್ಬೆರಳಿನಿಂದ ಕಿವಿ ಬಿಡಿಸಿ ನೋಡಿದ. ಒಳಗೆ ಒಗೆದ ಬಟ್ಟೆಯ ಬಿಳುಪು.

"ಬಿಳೀ ಕಿವಿ," ಎಂದ.

"ನೆತ್ರು ಬಿಟ್ಟಿದ್ದೀನಿ ಅಣ್ಣ, ಅದಕ್ಕೆ."

"ನೆತ್ರಿಲ್ದಿರೋದು ರೋಗದ ಮೀನು ಕಣಮ್ಮ."

"ರೋಗ ಇಲ್ಲ. ನಾನೇ ಕುಯ್ದು..."

"ನಿಮ್ಮತ್ತೆ ಏನು ಹೇಳ್ಕೊಟ್ಟವ್ಳೆ ಅಂತ ನಂಗೊತ್ತು. ಕೆಂಪಗಿಲ್ದಿದ್ರೆ ಮಕದ ಮೇಲೆ ಎಸೀಬೇಕು." ಅವನು ಮೀನನ್ನು ಐಸಿನ ಮೇಲೆ ಮೆಲ್ಲಗೆ ಮಲಗಿಸಿದ. "ನೀನು ಚಿಕ್ಕೋಳು. ಬರ್ತೀನಿ."

ಎಸೆದಿದ್ದರೇ ವಾಸಿಯಿತ್ತು ಅನಿಸಿತು ಅವಳಿಗೆ.

ಡಬ್ಬ ಹೆಚ್ಚುಕಡಿಮೆ ಹೋದ ಭಾರದಲ್ಲೇ ಮನೆಗೆ ಬಂತು. ಯುವರಾಜ್ ಅದನ್ನು ಬೈಕಿನಿಂದ ಇಳಿಸುತ್ತ ತಗ್ಗಿದ ದನಿಯಲ್ಲಿ ಹೇಳಿದ: "ಐಸ್ ಹಾಕ್ಕೋ, ಬೇಡ ಅನ್ನಲ್ಲ. ಕಿವಿ ಕುಯ್ಯೋದು ಮಾತ್ರ ಬಿಡು. ಕೆಂಪಗೆ ಇರ್ಲಿ. ಜನಕ್ಕೆ ಅದೇ ಬೇಕಿರೋದು."

ಮುನಿಲಕ್ಷ್ಮಿಗೆ ಆ ಕ್ಷಣ ಆಸೆಯಾಯಿತು. ಒಂದು ಕುಯ್ತ ಬಿಟ್ಟರೆ ಸಾಕು, ವ್ಯಾನು ತಪ್ಪುತ್ತದೆ. ಆದರೆ ನೆತ್ತರು ಒಳಗೇ ನಿಂತ ಕಾಟ್ಲಾದ ವಾಸನೆ ಅವಳಿಗೆ ಗೊತ್ತಿತ್ತು. ಎಷ್ಟು ಹುಣಸೆಹುಳಿ ಹಿಂಡಿದರೂ, ಎಷ್ಟು ಬೆಳ್ಳುಳ್ಳಿ ಜಜ್ಜಿದರೂ ಕೊನೆಯ ತುತ್ತಿನಲ್ಲಿ ಬಂದು ಮೂಗಿಗೆ ಕೂರುವ ವಾಸನೆ.

"ಬಿಡಲ್ಲ," ಎಂದಳು. "ಅರ್ಧ ಮಾತು ಉಳಿಸ್ಕೊಂಡ್ರೆ ಉಳಿಸ್ಕೊಂಡ ಹಾಗಲ್ಲ."

"ಯಾರಿಗೆ ಕೊಟ್ಟ ಮಾತು?"

ಮೀನಿಗೆ ಎಂದರೆ ನಗುತ್ತಾನೆ ಎಂದು ಅವಳು ಡಬ್ಬದ ಇನ್ನೊಂದು ತುದಿ ಹಿಡಿದಳು.

ಉಳಿದ ಮೀನಿಗೆ ಉಪ್ಪು ಹಾಕಿ ಒಣಗಿಸೋಣ, ದಂಡವಾಗಬಾರದು ಎಂದು ಮಂಗಮ್ಮ ಈಳಿಗೆಮಣೆ ಎಳೆದುಕೊಂಡಳು. ಮಂಡಿ ನೋವಿದ್ದರೂ ಕಾಲು ಚಾಚಿ, ಗೋಡೆಗೆ ಒರಗಿ, ಕಾಟ್ಲಾವನ್ನು ಅಲಗಿಗೆ ಒತ್ತಿದಳು. ಈ ಕೈಯಿಂದ ಅವಳು ಕತ್ತರಿಸಿದ ಮೀನಿಗೆ ಲೆಕ್ಕವಿಲ್ಲ. ಕಣ್ಣು ಬೇರೆಲ್ಲೋ ಇದ್ದರೂ ಕೈ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಇವತ್ತು ಆ ಕೈ ನಿಂತಿತು.

ಅಡುಗೆಮನೆಯ ಬಾಗಿಲಲ್ಲಿದ್ದ ಮುನಿಲಕ್ಷ್ಮಿ ನೋಡಿದಳು. ಮಂಗಮ್ಮ ತುಂಡನ್ನು ಅಂಗೈಯಲ್ಲಿಟ್ಟು ತೂಗಿದಳು. ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಗುಳಿ ತಾನಾಗಿ ಮೇಲೆದ್ದಿತು. ಮತ್ತೊಮ್ಮೆ ಒತ್ತಿದಳು. ಮೂಗಿನ ಹತ್ತಿರ ಹಿಡಿದಳು. ಹೊರಗೆ ಅಷ್ಟು ಬಿಸಿಲು ಬಿದ್ದು ಹೋಗಿತ್ತು, ಟಬ್ಬಿನ ಮೀನಾಗಿದ್ದರೆ ಈ ಹೊತ್ತಿಗೆ ಅಲಗಿಗೆ ಅಂಟಿಕೊಳ್ಳಬೇಕಿತ್ತು, ಮುಳ್ಳು ಬಿಟ್ಟು ಮಾಂಸ ಕಳಚಬೇಕಿತ್ತು. ಇದು ಸೌತೆಕಾಯಿಯ ಹಾಗೆ ಕಚಕ್ಕನೆ ಕತ್ತರಿಸಿಕೊಳ್ಳುತ್ತಿತ್ತು.

"ಎರಡು ತುಂಡು ಸಾರಿಗಿಡು," ಎಂದಳು ಮಂಗಮ್ಮ, ತಲೆಯೆತ್ತದೆ.

ರಾತ್ರಿ ಮಂಗಮ್ಮ ಮುದ್ದೆ ಮುರಿದು, ಸಾರಿಗೆ ಅದ್ದಿ, ಮೀನಿನ ತುಂಡು ಬಾಯಿಗಿಟ್ಟಳು. ಸೊಸೆ ಕಾದಳು. ಮಂಗಮ್ಮ ನಿಧಾನವಾಗಿ ಅಗಿದಳು, ಮುಳ್ಳು ತೆಗೆದಳು, ಇನ್ನೊಂದು ತುಂಡು ಹಾಕಿಸಿಕೊಂಡಳು. ಕೈ ತೊಳೆಯುವಾಗ ಹೇಳಿದಳು.

"ಉಪ್ಪು ಕಮ್ಮಿ ಐತೆ."

ಅಷ್ಟೇ. ಆ ವಾರವಿಡೀ ಅಷ್ಟೇ.

ನಡುವೆ ಒಂದು ಸಂಜೆ ಶರ್ಮಿಳಾ ಕಂಪನಿ ವ್ಯಾನಿನಿಂದ ಇಳಿದವಳು ನೇರ ಮನೆಗೆ ಬಂದಳು. ಜಿಲೇಬಿಯನ್ನು ಫ್ರಿಜ್ಜಿನಲ್ಲಿಟ್ಟು ಮರೆತುಬಿಟ್ಟಿದ್ದಳಂತೆ, ಎರಡು ದಿನ ಬಿಟ್ಟು ಹುರಿದರೆ ಪಕ್ಕದ ಮನೆಯವರು ಈಗ ತಂದ ಮೀನಾ ಎಂದು ಕೇಳಿದರಂತೆ. "ಈ ಭಾನುವಾರನೂ ಬೇಕು. ಆದ್ರೆ ಮನೇಲಿ ನಮ್ಮತ್ತೆ ಎದುರಿಗೆ ಐಸ್ ಮೀನು ಅನ್ಬೇಡ, ಮಾರಾಯ್ತಿ," ಎಂದಳು. ಒಂದು ಮನೆ ಸಿಕ್ಕಿತು. ಒಂದು ಮನೆಯಿಂದ ಮರದ ಕೆಳಗಿನ ಜಾಗ ಉಳಿಯುವುದಿಲ್ಲ. ಮುನಿಲಕ್ಷ್ಮಿ ಕತ್ತಿ ಮಸೆದಿಟ್ಟಳು.

ಕೊನೆಯ ಭಾನುವಾರ ಏಟು ಒಂದೂ ಜಾರಲಿಲ್ಲ. ಯುವರಾಜ್ ಹೇಳಿಸಿಕೊಳ್ಳದೆಯೇ ಸತ್ತದ್ದನ್ನು ಬೇರೆ ಹಾಕಿದ. ಮರದ ಕೆಳಗೆ ಅವಳು ಡಬ್ಬ ತೆರೆದು, ದೊಡ್ಡ ಕಾಟ್ಲಾದ ಕಣ್ಣು ಕಾಣುವ ಹಾಗೆ ಮುಂದಿಟ್ಟು ಕೂತಳು. ಗಾಜಿನ ಗೋಲಿಯಂಥ ಕಣ್ಣು. ಶರ್ಮಿಳಾ ಬಂದು ಹೋದಳು. ಆಮೇಲೆ ಖಾಲಿ. ಸುಬ್ರಮಣಿ ಗಾಡಿ ಬಿಟ್ಟು ಇತ್ತ ಬಂದು, ಮರದ ಬುಡದಿಂದ ರಸ್ತೆಯವರೆಗೆ ಹೆಜ್ಜೆ ಹಾಕಿ ನೋಡಿದ. ತನ್ನ ಗಾಡಿ ಇಲ್ಲಿ ಹಿಡಿಸುತ್ತದಾ ಅಂತ ನೋಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಅವಳು ಎದ್ದು ನಿಂತು, ಅವನ ಹೆಜ್ಜೆಗೆ ಅಡ್ಡವಾಗಿ ಡಬ್ಬವನ್ನು ಎರಡು ಮೊಳ ಮುಂದೆ ಎಳೆದಿಟ್ಟಳು.

ಆಗ ಒಂದು ಆಟೋ ಬಂದು ನಿಂತಿತು. ಮೊದಲು ಇಳಿದದ್ದು ನೀಲಿ ಟಬ್ಬು. ಹಿಂದೆ ಮಂಗಮ್ಮ.

ಮುನಿಲಕ್ಷ್ಮಿಯ ಕೈ ಡಬ್ಬದ ಮೇಲೇ ಉಳಿಯಿತು. ಇನ್ನೂ ಮಧ್ಯಾಹ್ನವೂ ಆಗಿರಲಿಲ್ಲ, ಭಾನುವಾರ ಇನ್ನೂ ಬಾಕಿಯಿತ್ತು. ಅದನ್ನೇ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಚಿನ್ನಸ್ವಾಮಿ ಮೇಸ್ತ್ರಿ, ಟಬ್ಬನ್ನು ದೂರದಿಂದ ಕಂಡವನು, ಚೀಲ ಹಿಡಿದು ಬೇಗಬೇಗ ಬಂದ.

"ಬಂದ್ಯಾ ಮಂಗಮ್ಮಕ್ಕ. ಒಳ್ಳೇದಾಯ್ತು. ಹೋದ ವಾರ ಕೋಳಿ ತಿಂದು ತಿಂದು ಸಾಕಾಯ್ತು."

"ಯಾಕೆ, ಇಲ್ಲಿ ಮೀನಿರ್ಲಿಲ್ವಾ?"

"ನೀನೇ ನೋಡು." ಅವನು ಕಾಟ್ಲಾ ಎತ್ತಿ ಕಿವಿ ಬಿಡಿಸಿದ. "ಬೆಳ್ಳಗೈತೆ."

ಹಿಂದೆ ಇನ್ನೂ ನಾಲ್ಕು ಜನ ಕೂಡಿದ್ದರು. ತೆಲುಗು ಅವ್ವನೂ ಇದ್ದಳು. ಎಲ್ಲರೂ ಮಂಗಮ್ಮನ ಬಾಯಿ ನೋಡಿದರು. ಆ ಬಾಯಿಂದ ಒಂದು ಮಾತು ಬಿದ್ದರೆ ಮುಗಿಯಿತು ಎಂದು ಮುನಿಲಕ್ಷ್ಮಿಗೆ ಗೊತ್ತಿತ್ತು. ಅವಳು ಕಣ್ಣು ತಗ್ಗಿಸಲಿಲ್ಲ.

"ಕೋಳಿ ತಿಂದೆ ಅಂದ್ಯಲ್ಲ," ಎಂದಳು ಮಂಗಮ್ಮ. "ಕುಯ್ದ ಕೋಳಿನೋ, ಸತ್ತ ಕೋಳಿನೋ?"

"ಏನಕ್ಕ ಇಂಗೆ ಕೇಳ್ತೀಯ. ಸತ್ತ ಕೋಳಿ ಯಾರು ತಿಂತಾರೆ?"

"ಕುಯ್ದಾಗ ನೆತ್ರು ಬಿಟ್ರಾ, ಒಳಗೇ ಮಡಿಕ್ಕೊಂಡ್ರಾ?"

"ಬಿಡ್ದೆ ಇನ್ನೇನು ಮಾಡ್ತಾರೆ."

"ಹಂಗಾರೆ ಇದೂ ಕುಯ್ದ ಮೀನು ಕಣ್ಲಾ. ನೆತ್ರು ಬಿಟ್ಟವ್ರೆ. ಕಿವಿ ಇನ್ನೆಲ್ಲಿಂದ ಕೆಂಪಗಿರ್ತದೆ?"

ಚಿನ್ನಸ್ವಾಮಿ ಕೈಯಲ್ಲಿದ್ದ ಮೀನನ್ನೂ ಮಂಗಮ್ಮನನ್ನೂ ನೋಡಿದ. "ಮತ್ತೆ ಕಿವಿ ಎತ್ತಿ ನೋಡು ಅಂತ ನೀನೇ ಹೇಳಿದ್ದು."

"ಅದು ಸತ್ತ ಮೀನಿಗೆ ಹೇಳಿದ್ದು. ಯಾವಾಗ ಸತ್ತಿದ್ದು ಅಂತ ಗೊತ್ತಾಗ್ಬೇಕಲ್ಲ. ಕುಯ್ದ ಮೀನಿಗೆ ಕಣ್ಣು ನೋಡು. ಬೆನ್ನಿನ ಮೇಲೆ ಬೆರಳಿಟ್ಟು ಒತ್ತು. ಎದ್ದು ಬಂದ್ರೆ ತಗೋ, ಇಲ್ದಿದ್ರೆ ನನ್ನ ಮಕದ ಮೇಲೆ ಎಸೆ."

ಸುಬ್ರಮಣಿ ಸುಮ್ಮನಿರಲಿಲ್ಲ. "ಹಂಗಾರೆ ಇಷ್ಟು ದಿನ ನೀನು ಮಾರಿದ್ದು ಏನಕ್ಕ?"

"ನೀನು ಮಾರೋದಕ್ಕಿಂತ ವಾಸಿಯಾದ್ದು," ಎಂದಳು ಮಂಗಮ್ಮ.

ಜನ ನಕ್ಕರು. ಚಿನ್ನಸ್ವಾಮಿ ನಗಲಿಲ್ಲ, ಗೋಡೆಯ ಗಾರೆ ಒಣಗಿದೆಯಾ ಎಂದು ನೋಡುವವನ ಹಾಗೆ ಕಾಟ್ಲಾದ ಬೆನ್ನನ್ನು ಒತ್ತಿದ. ಗುಳಿ ಬಿತ್ತು, ಎದ್ದಿತು. ಇನ್ನೊಂದು ಕಡೆ ಒತ್ತಿದ. ತೆಲುಗು ಅವ್ವ ಪಕ್ಕದಿಂದ ಕೈ ಚಾಚಿ ತಾನೂ ಒತ್ತಿ ನೋಡಿದಳು. ಇನ್ನೊಬ್ಬಳು ಒತ್ತಿದಳು. ಮೀನು ಎಲ್ಲರಿಗೂ ಒಂದೇ ಉತ್ತರ ಕೊಟ್ಟಿತು.

"ತೂಕ ಹಾಕಮ್ಮ," ಎಂದ ಚಿನ್ನಸ್ವಾಮಿ. "ವಾಸನೆ ಬಂದ್ರೆ ನಿಮ್ಮತ್ತೆ ಮಕ ಐತೆ."

ಎಲ್ಲರೂ ತೆಗೆದುಕೊಳ್ಳಲಿಲ್ಲ. ಒಬ್ಬಾಕೆ ಎರಡು ಸಲ ಒತ್ತಿ, ಆದರೂ ಐಸ್ ಅಲ್ಲವಾ ಎಂದು ಗೊಣಗಿ ಹೋದಳು. ಆದರೆ ಡಬ್ಬದ ತಳದ ಐಸ್ ಕಾಣತೊಡಗಿತು. 'ಕುಯ್ದ ಮೀನು' ಎಂಬ ಮಾತು ರಸ್ತೆಯ ಆ ಕಡೆಗೂ ಹೋಗಿ, ತಮಿಳಾಗಿ ತೆಲುಗಾಗಿ ವಾಪಸು ಬರುವುದು ಮುನಿಲಕ್ಷ್ಮಿಯ ಕಿವಿಗೆ ಬಿತ್ತು. ಅವಳು ತೂಗುತ್ತ, ತುಂಡು ಮಾಡುತ್ತ, ಟಬ್ಬಿನ ಕಡೆ ಮಾತ್ರ ನೋಡದಿರಲು ಪ್ರಯತ್ನಿಸುತ್ತಿದ್ದಳು. ಅತ್ತೆ ಅದನ್ನು ಯಾಕೆ ತಂದಳು ಎಂಬುದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ.

"ಅತ್ತೆ," ಎಂದಳು ಕೊನೆಗೆ, "ಟಬ್ಬಿಗೆ ನೀರು ತರಬೇಕಾ?"

ಮಂಗಮ್ಮ ಟಬ್ಬನ್ನು ಮರದ ನೆರಳಿಗೆ ಎಳೆದು, ಬೋರಲು ಹಾಕಿ, ಎರಡು ಕೈಯಿಂದ ಅದುಮಿ ನೋಡಿ, ಅದರ ಮೇಲೆ ಕೂತಳು. ಕಾಲು ನೀಡಿದಳು.

"ನೆಲದ ಮೇಲೆ ಕೂರಕ್ಕಾಗಲ್ವಲ್ಲ ಈ ಮಂಡಿಗೆ," ಎಂದಳು. "ಕತ್ತಿ ಇತ್ತ ಕೊಡು. ನೀನು ಆ ಐಸ್ ಸರಿ ಮಾಡು, ಒಂದು ಕಡೆ ನೀರು ನಿಂತೈತೆ ನೋಡು."

ಮುನಿಲಕ್ಷ್ಮಿ ಕತ್ತಿ ಕೊಟ್ಟಳು. ಡಬ್ಬದ ಮೂಲೆಯ ತೂತಿಗೆ ಪೊರೆ ಕಟ್ಟಿಕೊಂಡಿತ್ತು. ಬೆರಳು ಹಾಕಿ ಬಿಡಿಸಿದಳು. ನಿಂತ ನೀರು ಸಣ್ಣ ದಾರವಾಗಿ ಮಣ್ಣಿನ ಮೇಲೆ ಹರಿದು, ಹುಣಸೆಮರದ ಬೇರಿನ ಕಡೆ ಹೋಯಿತು.